ಪರದೇಶದ ಪಂಕ್ತಿ: ಪಿಟ್ಸ್‌ಬರ್ಗ್ ನಗರದಲ್ಲಿ ಉಣ್ಣುವುದೆಲ್ಲಿ?

ಮಗನಿಗೋ ಮಗಳಿಗೋ ಅಮೆರಿಕದಲ್ಲಿ ಉದ್ಯೋಗ ದೊರೆಯಿತೆಂಬ ಸುದ್ದಿ ಬಂದ ಮನೆಯಲ್ಲಿ ಹರ್ಷದ ಬೆನ್ನಿಗೇ ಏಳುವ ಪ್ರಶ್ನೆಯೊಂದಿದೆ: ಅಲ್ಲಿ ಊಟಕ್ಕೇನು ಮಾಡುತ್ತಾರೆ? ಹುಬ್ಬಳ್ಳಿಗೋ ಸೊಲ್ಲಾಪುರಕ್ಕೋ ಪುಣೆಗೋ ಹೋದ ನಮ್ಮ ಹಿರಿಯರು ನಿಲ್ದಾಣದಲ್ಲಿ ಇಳಿದೊಡನೆ ‘ಲಿಂಗಾಯತ ಖಾನಾವಳಿ’ ಎಂಬ ಫಲಕವನ್ನು ಹುಡುಕುತ್ತಿದ್ದರು. ಆ ಫಲಕ ಕಂಡರೆ ಸಾಕು, ಅಪರಿಚಿತ ಊರೂ ಅರ್ಧ ಸ್ವಂತದ್ದಾಗುತ್ತಿತ್ತು. ಒಳಗೆ ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಹಿಂಡಿ. ಅಡುಗೆ ಮಾಡಿದವರ ಹಣೆಯಲ್ಲಿ ವಿಭೂತಿ. ಮತ್ತೊಂದು ಮಾತು ಕೇಳುವ ಅಗತ್ಯವೇ ಇರಲಿಲ್ಲ. ಆದರೆ ಸಮುದ್ರಗಳಾಚೆಯ ಊರಿನಲ್ಲಿ ಅಂತಹ ಫಲಕವಿಲ್ಲ. ಅಲ್ಲಿ ಉಣ್ಣುವವನೇ ಕೇಳಬೇಕು, ತಿಳಿಯಬೇಕು, ನಿರ್ಣಯಿಸಬೇಕು. ಈ ವಿಷಯವಾಗಿ ನಾವು ಕಂಡುಂಡದ್ದನ್ನು ಸದ್ಭಕ್ತ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

2023ರ ಮಹಾಶಿವರಾತ್ರಿಯನ್ನು ಮನೆಯಲ್ಲಿ ಮುಗಿಸಿಕೊಂಡು ನಾವು ದಂಪತಿಗಳು ಮಗನಿರುವ ಪಿಟ್ಸ್‌ಬರ್ಗ್ ನಗರಕ್ಕೆ ತೆರಳಿದೆವು. ಪೆಟ್ಟಿಗೆಯ ಅರ್ಧಭಾಗ ಕಡಕ್ ರೊಟ್ಟಿ, ಗುರೆಳ್ಳು ಹಿಂಡಿ, ಹುರಿದ ಹಿಟ್ಟುಗಳಿಂದಲೇ ತುಂಬಿತ್ತು. ಪೆನ್ಸಿಲ್ವೇನಿಯಾ ರಾಜ್ಯದ ಪಶ್ಚಿಮದಲ್ಲಿ ಅಲೆಘೆನಿ ಮತ್ತು ಮನಾಂಗಹೇಲಾ ಎಂಬ ಎರಡು ನದಿಗಳು ಕೂಡಿ ಒಹಾಯೊ ಎಂಬ ಮೂರನೆಯ ನದಿಯಾಗುವ ಸಂಗಮದಲ್ಲಿ ಈ ನಗರವಿದೆ. ಸಂಗಮವೆಂದರೆ ಶರಣರ ಮಕ್ಕಳಿಗೆ ಮನಸ್ಸು ಸಹಜವಾಗಿ ಕೂಡಲಸಂಗಮದತ್ತ ಹರಿಯುತ್ತದೆ. 2020ರ ಜನಗಣತಿಯಂತೆ ನಗರದ ಜನಸಂಖ್ಯೆ ಸುಮಾರು 3 ಲಕ್ಷ. ನಮ್ಮ ದಾವಣಗೆರೆಗಿಂತ ಚಿಕ್ಕದು. ಸುತ್ತಲಿನ ಉಪನಗರಗಳನ್ನೂ ಕೂಡಿಸಿದರೆ 20 ಲಕ್ಷ ಮೀರುತ್ತದೆ. ಒಂದು ಕಾಲಕ್ಕೆ ಇದು ಉಕ್ಕಿನ ಕುಲುಮೆಗಳ ಊರು. ಪೋಲೆಂಡ್, ಸ್ಲೊವಾಕಿಯಾ, ಯುಕ್ರೇನ್, ಇಟಲಿ ಮುಂತಾದ ನಾಡುಗಳಿಂದ ಬಡವರು ದುಡಿಯಲು ಬಂದು ಇಲ್ಲಿ ನೆಲೆನಿಂತರು. ಕುಲುಮೆಗಳು ಬಹುಪಾಲು ಆರಿಹೋದವು. ಅವರು ತಂದ ಅಡುಗೆ ಮಾತ್ರ ಉಳಿಯಿತು. ಈ ಊರಿನ ಊಟವನ್ನು ಅರಿಯಬೇಕಾದರೆ ಅದು ದುಡಿಯುವವರ ಊಟವೆಂಬುದನ್ನು ಮೊದಲು ನೆನಪಿನಲ್ಲಿಡಬೇಕು.

ನಮ್ಮ ನೇಮ ಮತ್ತು ಒಬ್ಬ ಬಾಲಕನ ಪ್ರಶ್ನೆ

ಮಠದ ಪಾಠಶಾಲೆಯಲ್ಲಿ ಬೆಳೆದ ನಮಗೆ ಬಾಲ್ಯದಿಂದಲೂ ಒಂದು ನೇಮವಿತ್ತು. ಲಿಂಗಧಾರಿಗಳಲ್ಲದವರು ಮಾಡಿದ ಅಡುಗೆಯನ್ನು, ಶಾಸ್ತ್ರಗ್ರಂಥಗಳು ‘ಭವಿಪಾಕ’ವೆಂದು ಕರೆಯುವುದನ್ನು, ನಾವು ಸೇವಿಸುತ್ತಿರಲಿಲ್ಲ. ಪ್ರಯಾಣದಲ್ಲಿ ಹಣ್ಣು, ಹಾಲು, ಬುತ್ತಿ. ಇಷ್ಟರಲ್ಲಿಯೇ ಐವತ್ತು ವರ್ಷ ಕಳೆದೆವು. ಇದನ್ನು ನೇಮವೆಂದು ಪಾಲಿಸಿದೆವೇ ಹೊರತು ಯಾರನ್ನೂ ಕೀಳಾಗಿ ಕಾಣಬೇಕೆಂಬ ಭಾವ ನಮ್ಮಲ್ಲಿ ಇರಲಿಲ್ಲವೆಂದೇ ನಂಬಿದ್ದೆವು.

ಮಾರ್ಚ್ ತಿಂಗಳಲ್ಲಿ ಮೊಮ್ಮಗನ ಒಂಬತ್ತನೆಯ ಹುಟ್ಟುಹಬ್ಬ ಬಂದಿತು. ಅವನ ಗೆಳೆಯರನ್ನೂ ಅವರ ತಂದೆತಾಯಿಗಳನ್ನೂ ಕರೆದು ಮಗ ಒಂದು ಪೀಟ್ಜಾ ಅಂಗಡಿಯಲ್ಲಿ ಊಟ ಏರ್ಪಡಿಸಿದ್ದನು. ಒಂದೇ ಉದ್ದನೆಯ ಮೇಜು. ಸುತ್ತಲೂ ಹದಿನಾರು ಜನ. ನಾವು ಅದರ ತುದಿಯಲ್ಲಿ ಒಂದು ಲೋಟ ನೀರನ್ನು ಮುಂದಿಟ್ಟುಕೊಂಡು ಕುಳಿತಿದ್ದೆವು. ಬಂದವರೆಲ್ಲ ಒಬ್ಬರ ನಂತರ ಒಬ್ಬರು ‘ನೀವೇನೂ ತೆಗೆದುಕೊಳ್ಳುವುದಿಲ್ಲವೇ?’ ಎಂದು ಕೇಳಿದರು. ನಾವು ನಗುತ್ತ ಕೈ ಅಡ್ಡ ಆಡಿಸಿದೆವು. ಅಂದು ರಾತ್ರಿ ಮಲಗುವ ಹೊತ್ತಿಗೆ ಹುಡುಗ ಬಳಿಗೆ ಬಂದು ನಿಂತನು. ‘ಅಜ್ಜಾ, ನಿಮಗೆ ಆರಾಮಿಲ್ಲ ಅಂತ ಎಲ್ಲರಿಗೂ ಹೇಳಿದೆ. ಸುಳ್ಳು ಹೇಳಿದೆ. ಅವರ ಕೈ ಹೊಲಸೇನು?’ ಎಂದು ಕೇಳಿದನು.

ಅವನಿಗೆ ಕೊಡಲು ನಮ್ಮಲ್ಲಿ ಉತ್ತರವಿತ್ತು. ಅಷ್ಟಾವರಣಗಳಲ್ಲಿ ಪ್ರಸಾದದ ಸ್ಥಾನವೇನು, ಪದಾರ್ಥವು ಪ್ರಸಾದವಾಗುವ ಕ್ರಮವೇನು, ಅರ್ಪಿತ ಅನರ್ಪಿತಗಳ ವಿವೇಕವೇನು ಎಂಬುದನ್ನು ನಾವು ನೂರಾರು ಸಭೆಗಳಲ್ಲಿ ವಿವರಿಸಿದ್ದೇವೆ. ಆದರೆ ಆ ಬಾಲಕನ ಮುಖ ನೋಡಿ ಮಾತು ಹೊರಡಲಿಲ್ಲ. ನಮ್ಮ ನೇಮವು ಒಂಬತ್ತು ವರ್ಷದ ಹುಡುಗನ ಬಾಯಲ್ಲಿ ಸುಳ್ಳನ್ನಾಡಿಸಿತ್ತು. ಅವನಿಗೆ ನಮ್ಮ ಧರ್ಮವು ನಾಚಿಕೆಯ ವಸ್ತುವಾಗಿ ಕಂಡಿತ್ತು. ಇದು ಊಟದ ಪ್ರಶ್ನೆಯಾಗಿ ಉಳಿದಿರಲಿಲ್ಲ.

ಆ ರಾತ್ರಿ ನಮಗೆ ನೆನಪಾದದ್ದು ಮಾದಾರ ಚೆನ್ನಯ್ಯನ ಕಥೆ. ಶಿವನು ಆ ಭಕ್ತನ ಗುಡಿಸಿಲಿನ ಅಂಬಲಿಯನ್ನು ಸವಿದನೆಂದು ನಮ್ಮ ಪುರಾಣಗಳು ಕೊಂಡಾಡುತ್ತವೆ. ಬಸವಣ್ಣನವರು ಕಲ್ಯಾಣದಲ್ಲಿ ನಡೆಸಿದ ದಾಸೋಹದಲ್ಲಿ ಕುಲವನ್ನು ಕೇಳಿ ಬಡಿಸಿದ ಉದಾಹರಣೆಯಿಲ್ಲ. ಶರಣರು ಎರಡು ಸಂಗತಿಗಳನ್ನು ಬೇರೆಬೇರೆಯಾಗಿಯೇ ಇಟ್ಟಿದ್ದರು. ತಟ್ಟೆಗೆ ಏನು ಬಂದಿದೆ ಎಂಬುದು ಒಂದು. ಅದನ್ನು ಯಾವ ಕೈ ಮಾಡಿದೆ ಎಂಬುದು ಇನ್ನೊಂದು. ಮೊದಲನೆಯದು ದಯೆಯ ಪ್ರಶ್ನೆ; ಅದರಲ್ಲಿ ರಿಯಾಯಿತಿಯಿಲ್ಲ. ಎರಡನೆಯದರಲ್ಲಿ ನಾವು ನೇಮವೆಂದು ಹಿಡಿದದ್ದು ಕಾಲಕ್ರಮದಲ್ಲಿ ಅಭ್ಯಾಸವಾಗಿ, ಅಭ್ಯಾಸವು ನಮ್ಮ ಅರಿವಿಲ್ಲದೆಯೇ ಅಂತರವಾಗಿ ಬೆಳೆದಿರಬಹುದೆಂದು ತೋರಿತು.

ಚರ್ಚಿನ ನೆಲಮಾಳಿಗೆಯಲ್ಲಿ ಕಂಡ ದಾಸೋಹ

ನಾವು ಹೋದದ್ದು ಕ್ರೈಸ್ತರ ಉಪವಾಸದ ಕಾಲ. ಈಸ್ಟರ್ ಹಬ್ಬಕ್ಕೆ ಮುನ್ನ ಬರುವ ನಲವತ್ತು ದಿನಗಳ ಈ ವ್ರತಕ್ಕೆ ಲೆಂಟ್ ಎನ್ನುತ್ತಾರೆ. ಈ ಅವಧಿಯ ಶುಕ್ರವಾರಗಳಲ್ಲಿ ಕ್ಯಾಥೊಲಿಕರು ಮಾಂಸವನ್ನು ಮುಟ್ಟುವುದಿಲ್ಲ. ಮೀನನ್ನು ಮಾತ್ರ ಅವರು ಮಾಂಸವೆಂದು ಎಣಿಸುವುದಿಲ್ಲ. ಪಿಟ್ಸ್‌ಬರ್ಗಿನಲ್ಲಿ ಈ ಶುಕ್ರವಾರಗಳು ಊರಹಬ್ಬದಂತಿರುತ್ತವೆ. ಚರ್ಚುಗಳ ನೆಲಮಾಳಿಗೆಗಳಲ್ಲಿ ಊಟದ ಮಾರಾಟ ನಡೆಯುತ್ತದೆ. ಮುಖ್ಯವಾದದ್ದು ಕರಿದ ಮೀನು. ಅದರ ಜೊತೆಗೆ ಎಲೆಕೋಸು ಬೆರೆಸಿದ ನೂಡಲ್, ಆಲೂಗಡ್ಡೆ, ಮತ್ತು ಈ ಊರಿನ ಹೆಮ್ಮೆಯಾದ ಪಿರೋಗಿ. ಪಿರೋಗಿಯೆಂದರೆ ಮೈದಾಹಿಟ್ಟಿನ ಹಾಳೆಯಲ್ಲಿ ಬೇಯಿಸಿದ ಆಲೂಗಡ್ಡೆಯನ್ನೋ ಹುಳಿಹಿಡಿಸಿದ ಎಲೆಕೋಸನ್ನೋ ತುಂಬಿ, ಅರ್ಧಚಂದ್ರಾಕಾರಕ್ಕೆ ಮಡಿಸಿ, ಅಂಚು ಒತ್ತಿ, ನೀರಿನಲ್ಲಿ ಬೇಯಿಸಿದ ತಿನಿಸು. ನೋಟಕ್ಕೆ ನಮ್ಮ ಕರ್ಜಿಕಾಯಿಯ ಅಕ್ಕ, ರುಚಿ ಬೇರೆ. ಮೇಲೆ ಬೆಣ್ಣೆಯಲ್ಲಿ ಹುರಿದ ಉಳ್ಳಾಗಡ್ಡಿ ಹಾಕುತ್ತಾರೆ. ಪೋಲೆಂಡ್ ಮತ್ತು ಯುಕ್ರೇನಿನ ದುಡಿಮೆಗಾರರ ಮನೆಗಳಿಂದ ಬಂದ ಈ ತಿನಿಸು ಇಂದು ಇಡೀ ಊರಿನದಾಗಿದೆ. ಇಲ್ಲಿಯ ಬೇಸ್‌ಬಾಲ್ ಕ್ರೀಡಾಂಗಣದಲ್ಲಿ ಪಂದ್ಯದ ನಡುವೆ ಪಿರೋಗಿಯ ವೇಷ ಧರಿಸಿದವರ ಓಟದ ಸ್ಪರ್ಧೆಯೇ ನಡೆಯುತ್ತದೆ!

ಮೊಮ್ಮಗನ ಗೆಳೆಯನೊಬ್ಬನ ಅಜ್ಜಿ ತಮ್ಮ ಚರ್ಚಿನಲ್ಲಿ ಪಿರೋಗಿ ಮಾಡುವವರಲ್ಲಿ ಒಬ್ಬರು. ಹುಡುಗನ ಒತ್ತಾಯಕ್ಕೆ ಒಂದು ಶುಕ್ರವಾರ ನಾವು ಅಲ್ಲಿಗೆ ಹೋದೆವು. ನೆಲಮಾಳಿಗೆಯಲ್ಲಿ ಎಪ್ಪತ್ತು ಎಂಬತ್ತು ವಯಸ್ಸಿನ ತಾಯಂದಿರು ಸಾಲಾಗಿ ನಿಂತು ಹಿಟ್ಟು ಲಟ್ಟಿಸುತ್ತಿದ್ದರು, ಹೂರಣ ತುಂಬುತ್ತಿದ್ದರು, ಅಂಚು ಒತ್ತುತ್ತಿದ್ದರು. ಯಾರಿಗೂ ಸಂಬಳವಿಲ್ಲ. ಬಂದ ಹಣವೆಲ್ಲ ಚರ್ಚಿನ ಛಾವಣಿಯ ದುರಸ್ತಿಗೆ. ನಮ್ಮ ಮಠದ ಜಾತ್ರೆಯಲ್ಲಿ ಸುತ್ತಲ ಹಳ್ಳಿಗಳ ಅಕ್ಕಂದಿರು ನಸುಕಿನಲ್ಲಿಯೇ ಬಂದು ರೊಟ್ಟಿ ಬಡಿಯುವ ದೃಶ್ಯ ಕಣ್ಣೆದುರು ಬಂದಿತು. ಕೈಗಳ ವೇಗ ಅದೇ, ನಡುನಡುವೆ ನಗೆ ಅದೇ. ಭಾಷೆ ಬಾರದಿದ್ದರೂ ಅವರು ಸೊಸೆಯರ ಸುದ್ದಿಯನ್ನೇ ಆಡುತ್ತಿದ್ದಾರೆಂಬುದರಲ್ಲಿ ನಮ್ಮ ಮನೆಯವರಿಗೆ ಸಂಶಯವಿರಲಿಲ್ಲ.

ಸೊಸೆ ಆ ಅಜ್ಜಿಯನ್ನು ಕೇಳಿದಳು: ಹಿಟ್ಟಿಗೆ ಮೊಟ್ಟೆ ಹಾಕಿದ್ದೀರಾ? ಹಾಕಿದ್ದರು. ಹಾಗಾದರೆ ನಮಗೆ ಸಲ್ಲದು. ನೂಡಲಿನಲ್ಲಿಯೂ ಮೊಟ್ಟೆಯಿತ್ತು. ನಾವು ಮತ್ತೆ ನೀರಿನ ಲೋಟಕ್ಕೆ ಮರಳುವುದರಲ್ಲಿದ್ದೆವು. ಆ ತಾಯಿ ಒಂದು ಕ್ಷಣ ನಿಂತು ಯೋಚಿಸಿ ಒಳಗೆ ಹೋದರು. ಹಿಟ್ಟಿನೊಳಗೆ ಸೇರುವ ಮುನ್ನಿನ ಆಲೂಗಡ್ಡೆಯ ಹೂರಣವನ್ನೇ ಒಂದು ತಟ್ಟೆಯಲ್ಲಿ ಹಾಕಿ, ಮೇಲೆ ಬೆಣ್ಣೆಯಲ್ಲಿ ಹುರಿದ ಉಳ್ಳಾಗಡ್ಡಿಯಿಟ್ಟು ತಂದು ನಮ್ಮ ಮುಂದಿಟ್ಟರು. ‘ಇದರಲ್ಲಿ ಆಲೂಗಡ್ಡೆ, ಉಪ್ಪು, ಬೆಣ್ಣೆ, ಬೇರೇನೂ ಇಲ್ಲ’ ಎಂದರು.

ನಾವು ಎದೆಯ ಮೇಲಿನ ಇಷ್ಟಲಿಂಗವನ್ನು ಅಂಗೈಯಿಂದ ಮುಟ್ಟಿ, ಕಣ್ಣುಮುಚ್ಚಿ, ಮನಸಾ ಅರ್ಪಿಸಿ ಮೊದಲ ತುತ್ತನ್ನು ಬಾಯಿಗಿಟ್ಟೆವು. ಐವತ್ತು ವರ್ಷಗಳ ನೇಮ ಅಲ್ಲಿಗೆ ಮುಗಿಯಿತು. ಹೂರಣ ಬಿಸಿಯಾಗಿತ್ತು, ಉಪ್ಪು ತುಸು ಕಡಮೆ. ಮೊಮ್ಮಗ ಏನನ್ನೂ ಮಾತಾಡಲಿಲ್ಲ. ತನ್ನ ಕುರ್ಚಿಯನ್ನು ನಮ್ಮ ಕಡೆಗೆ ಎಳೆದುಕೊಂಡನು. ನಮ್ಮ ಮನೆಯವರು ತಮ್ಮ ಡಬ್ಬಿಯ ರೊಟ್ಟಿಯನ್ನೇ ಉಂಡರು. ಅವರ ನೇಮ ಅವರದು. ಅದನ್ನು ಬಿಡಿರೆಂದು ನಾವೂ ಹೇಳಲಿಲ್ಲ, ಮಕ್ಕಳೂ ಹೇಳಲಿಲ್ಲ. ಆದರೆ ಅವರು ತಮ್ಮ ಡಬ್ಬಿಯಿಂದ ಆ ಅಜ್ಜಿಗೆ ಒಂದು ಕಡಕ್ ರೊಟ್ಟಿ ಮತ್ತು ಹಿಂಡಿಯನ್ನು ಕೊಟ್ಟರು. ಅವರು ಖಾರಕ್ಕೆ ಕಣ್ಣೀರು ಸುರಿಸಿದರೂ ಪೂರ್ತಿ ತಿಂದರು.

ಒಂದು ಚಮಚ ಸೂಪು

ಉತ್ಸಾಹದಲ್ಲಿದ್ದವರಿಗೆ ಪರೀಕ್ಷೆ ತಡವಾಗಿ ಬರುವುದಿಲ್ಲ. ಮುಂದಿನ ವಾರವೇ ಒಂದು ಉಪಾಹಾರ ಗೃಹದಲ್ಲಿ ತರಕಾರಿ ಸೂಪು ತರಿಸಿದೆವು. ‘ಸಸ್ಯಾಹಾರವೇ?’ ಎಂದು ಕೇಳಿದಾಗ ‘ಹೌದು’ ಎಂದರು. ಒಂದು ಚಮಚ ಒಳಗೆ ಹೋದ ಮೇಲೆ ಸೊಸೆಗೆ ಅನುಮಾನ ಬಂದು, ನೀರಿನ ಬದಲು ಯಾವ ರಸದಲ್ಲಿ ಬೇಯಿಸಿದ್ದೀರಿ ಎಂದು ಕೇಳಿದಳು. ಪರಿಚಾರಿಕೆ ಒಳಗೆ ವಿಚಾರಿಸಿ ಬಂದು ತಿಳಿಸಿದಳು: ಕೋಳಿಯ ರಸ. ಅವಳಿಗೆ ನಮ್ಮನ್ನು ಮೋಸಗೊಳಿಸುವ ಉದ್ದೇಶವಿರಲಿಲ್ಲ. ಬಟ್ಟಲಿನಲ್ಲಿ ಕಾಣುತ್ತಿದ್ದುದು ತರಕಾರಿಯೇ ಆದ್ದರಿಂದ ಅವಳು ಅದನ್ನು ಸಸ್ಯಾಹಾರವೆಂದೇ ಬಗೆದಿದ್ದಳು. ನಾವು ಎದ್ದು ಬಾಯಿ ಮುಕ್ಕಳಿಸಿದೆವು. ಅಂದು ಸಂಜೆ ಉಪವಾಸವಿದ್ದು ಹೆಚ್ಚು ಹೊತ್ತು ಪೂಜೆಯಲ್ಲಿ ಕುಳಿತೆವು.

ಹಳೆಯ ನೇಮವೇ ಸರಿಯಾಗಿತ್ತೆಂದು ಮನಸ್ಸು ಹಿಂಜರಿದದ್ದು ನಿಜ. ಆದರೆ ತಪ್ಪಾದದ್ದು ಅನ್ಯರ ಕೈಯಿಂದಲ್ಲ, ನಮ್ಮ ಪ್ರಶ್ನೆಯ ಕೊರತೆಯಿಂದ. ‘ಇದು ಸಸ್ಯಾಹಾರವೇ?’ ಎಂದು ಕೇಳುವುದು ಸಾಲದು. ‘ಇದರಲ್ಲಿ ಏನೇನು ಹಾಕಿದ್ದೀರಿ?’ ಎಂದು ಕೇಳಬೇಕು. ಈ ಪ್ರಶ್ನೆಯನ್ನು ಮೊದಲು ಗೌರವಿಸಿದ ವರ್ತಕನೊಬ್ಬ ಇದೇ ಊರಿನವನೆಂಬುದು ಸ್ವಾರಸ್ಯ. 1869ರಲ್ಲಿ ಪಿಟ್ಸ್‌ಬರ್ಗಿನ ಪಕ್ಕದ ಶಾರ್ಪ್ಸ್‌ಬರ್ಗಿನಲ್ಲಿ ಹೆನ್ರಿ ಹೈಂಜ್ ಎಂಬಾತ ಹಾರ್ಸ್‌ರ‍್ಯಾಡಿಷ್ ಎಂಬ ಖಾರದ ಬೇರಿನ ತುರಿಯನ್ನು ಮಾರತೊಡಗಿದನು. ಉಳಿದವರು ಟರ್ನಿಪ್ ಗಡ್ಡೆಯಂತಹ ಅಗ್ಗದ ಬೆರಕೆಯನ್ನು ಸೇರಿಸಿ ಬಣ್ಣದ ಸೀಸೆಗಳಲ್ಲಿ ಮುಚ್ಚಿಡುತ್ತಿದ್ದ ಕಾಲದಲ್ಲಿ ಇವನು ತಿಳಿಗಾಜಿನ ಸೀಸೆಯನ್ನು ಆರಿಸಿಕೊಂಡನು. ಒಳಗಿರುವುದನ್ನು ಕೊಳ್ಳುವವನು ಕಾಣಲಿ ಎಂಬುದೇ ಅವನ ವ್ಯಾಪಾರದ ನೀತಿ. ಅಮೆರಿಕದಲ್ಲಿ 1906ರಲ್ಲಿ ಆಹಾರದ ಕಲಬೆರಕೆಯನ್ನು ತಡೆಯುವ ಕಾನೂನು ಬಂದಾಗ ಅದನ್ನು ಬೆಂಬಲಿಸಿದ ಉದ್ಯಮಿಗಳಲ್ಲಿ ಇವನೂ ಒಬ್ಬ. ಟೊಮೇಟೊ ಕೆಚಪ್ಪಿನ ಸೀಸೆಯ ಮೇಲೆ ಇಂದಿಗೂ ನಾವು ಕಾಣುವುದು ಅದೇ ಹೆಸರು.

ತಿಳಿಗಾಜಿನ ಸೀಸೆ ಎಲ್ಲೆಡೆಯೂ ಇರುವುದಿಲ್ಲ. ಪಿಟ್ಸ್‌ಬರ್ಗಿನ ಸಮೀಪದ ಯೂನಿಯನ್‌ಟೌನಿನಲ್ಲಿ 1967ರಲ್ಲಿ ಬಿಗ್ ಮ್ಯಾಕ್ ಎಂಬ ಮಾಂಸದ ಬನ್ನು ಹುಟ್ಟಿತು. ಅದನ್ನು ಮಾರುವ ಮ್ಯಾಕ್‌ಡೊನಾಲ್ಡ್ಸ್ ಸಂಸ್ಥೆ ತನ್ನ ಕರಿದ ಆಲೂಗಡ್ಡೆಯನ್ನು 1990ರಲ್ಲಿ ಗೋವಿನ ಕೊಬ್ಬಿನಿಂದ ಸಸ್ಯಜನ್ಯ ಎಣ್ಣೆಗೆ ಬದಲಾಯಿಸಿತು. ಆದರೂ ಅದರಲ್ಲಿ ಗೋಮಾಂಸಮೂಲದ ಸ್ವಾದ ಸೇರುತ್ತಿದೆಯೆಂದು 2001ರಲ್ಲಿ ಸಸ್ಯಾಹಾರಿಗಳು ಮೊಕದ್ದಮೆ ಹೂಡಿದರು. 2002ರಲ್ಲಿ ಸಂಸ್ಥೆ ಕ್ಷಮೆ ಕೇಳಿ, 1 ಕೋಟಿ ಡಾಲರುಗಳನ್ನು ಸಸ್ಯಾಹಾರಿ ಮತ್ತು ಧಾರ್ಮಿಕ ಸಂಸ್ಥೆಗಳಿಗೆ ನೀಡಲು ಒಪ್ಪಿತು. ಬರಿಯ ಆಲೂಗಡ್ಡೆಯೆಂದು ವರ್ಷಗಟ್ಟಲೆ ತಿಂದ ನಮ್ಮವರ ಸಂಕಟವನ್ನು ಯಾವ ಹಣ ಕಳೆದೀತು? ಕೇಳುವ ಅಭ್ಯಾಸವೇ ಇದಕ್ಕೆ ಮದ್ದು.

ಕೇಳಬೇಕಾದ ಪ್ರಶ್ನೆಗಳು

ಮಕ್ಕಳ ಮನೆಗೆ ಹೋಗುವ ಹಿರಿಯರಿಗಾಗಿ ಇವನ್ನು ಒಟ್ಟಾಗಿ ಹೇಳುತ್ತೇವೆ. ಆ ದೇಶದಲ್ಲಿ ‘ವೆಜಿಟೇರಿಯನ್’ ಎಂದರೆ ಮೊಟ್ಟೆ ಸೇರಿರಬಹುದು; ಕೇಕು, ಪ್ಯಾನ್‌ಕೇಕು, ನೂಡಲುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ‘ವೀಗನ್’ ಎಂದರೆ ಮೊಟ್ಟೆಯಿಲ್ಲ. ಆದರೆ ಹಾಲು, ಮೊಸರು, ತುಪ್ಪವೂ ಇಲ್ಲ. ಸೂಪಿನಲ್ಲಿಯೂ ಅನ್ನದಲ್ಲಿಯೂ ಮಾಂಸದ ರಸವಿದೆಯೇ ಎಂದು ಕೇಳಬೇಕು. ಮೆಕ್ಸಿಕೊ ರೀತಿಯ ಹುರಿದ ಅವರೆಬೀಜದಂತಹ ಕಾಳಿನಲ್ಲಿ ಹಂದಿಯ ಕೊಬ್ಬು ಸೇರುವುದುಂಟು. ಥಾಯ್ ಅಡುಗೆಯಲ್ಲಿ ಮೀನಿನ ರಸ, ಚೀನೀ ಅಡುಗೆಯಲ್ಲಿ ಸಿಂಪಿಯ ರಸ ಸಾಮಾನ್ಯ. ಮಕ್ಕಳು ಇಷ್ಟಪಡುವ ಬಣ್ಣದ ಜೆಲ್ಲಿ ಮತ್ತು ಮಾರ್ಷ್‌ಮ್ಯಾಲೊಗಳಲ್ಲಿ ಮೂಳೆ ಚರ್ಮಗಳಿಂದ ತೆಗೆದ ಜೆಲಟಿನ್ ಇರುತ್ತದೆ. ಇಟಲಿಯ ಸಾಂಪ್ರದಾಯಿಕ ಪಾರ್ಮೆಸಾನ್ ಚೀಸನ್ನು ಕರುವಿನ ಜಠರದಿಂದ ತೆಗೆದ ರೆನೆಟ್ಟಿನಿಂದ ಹೆಪ್ಪುಗಟ್ಟಿಸುತ್ತಾರೆ. ಇಷ್ಟನ್ನು ಸಂಕೋಚವಿಲ್ಲದೆ ಕೇಳಬಹುದು. ಅಲರ್ಜಿಯುಳ್ಳವರು ದಿನವೂ ಕೇಳುವುದರಿಂದ ಅಲ್ಲಿಯವರಿಗೆ ಇದು ಹೊಸದಲ್ಲ; ಯಾರೂ ಬೇಸರಿಸಿದ್ದನ್ನು ನಾವು ಕಾಣಲಿಲ್ಲ.

ನಗರದ ಪಂಕ್ತಿಗಳು

ಈಗ ಸ್ಥಳಗಳ ವಿಚಾರ. ನಿಶ್ಚಿಂತೆಯಿಂದ ಉಣ್ಣಬಯಸುವವರು ಮೊದಲು ನಗರದ ಪೂರ್ವಕ್ಕೆ ಹೋಗಬೇಕು. ಪೆನ್ ಹಿಲ್ಸ್ ಬೆಟ್ಟದ ಮೇಲೆ 1976ರಲ್ಲಿ ನೆಲೆಗೊಂಡ ಶ್ರೀ ವೆಂಕಟೇಶ್ವರ ದೇವಾಲಯವು ಅಮೆರಿಕದಲ್ಲಿ ಮೊದಮೊದಲು ಕಟ್ಟಿದ ಹಿಂದೂ ದೇವಾಲಯಗಳಲ್ಲಿ ಒಂದು. ಅದರ ಊಟದ ಕೋಣೆಯ ಪುಳಿಯೋಗರೆ ಮತ್ತು ಮೊಸರನ್ನ ದೂರದೂರದ ಊರುಗಳವರೆಗೂ ಹೆಸರಾಗಿವೆ. ಇಷ್ಟಲಿಂಗನಿಷ್ಠರಾದ ನಮಗೆ ಪೂಜೆಯ ಸ್ಥಾನ ಅಂಗೈಯೇ ಆದರೂ, ಶುದ್ಧವಾದ ಅನ್ನವನ್ನು ಗೌರವದಿಂದ ನೀಡುವ ಮನೆ ಯಾವುದಾದರೂ ವಂದ್ಯವೇ. ನಮ್ಮ ಮನೆಯವರು ಹೊರಗೆ ಉಂಡದ್ದು ಅಲ್ಲಿ ಮಾತ್ರ. ಪಕ್ಕದ ಮನ್ರೋವಿಲ್ಲಿನಲ್ಲಿ ‘ಉಡುಪಿ’ ಎಂಬ ನಮ್ಮ ನಾಡಿನ ಹೆಸರನ್ನೇ ಹೊತ್ತ ಸಸ್ಯಾಹಾರಿ ಹೋಟೆಲಿದೆ. ಹೊರಗೆ ಹಿಮ ಸುರಿಯುತ್ತಿರುವಾಗ ಒಳಗೆ ಮಸಾಲೆದೋಸೆಯ ಪರಿಮಳ ಬರುವುದು ಒಂದು ವಿಚಿತ್ರ ಅನುಭವ.

ನಗರದೊಳಗಿನ ಸ್ಕ್ವಿರಲ್ ಹಿಲ್ ಬಡಾವಣೆ ಯಹೂದಿಗಳ ಹಳೆಯ ನೆಲೆ. ಅವರ ಧರ್ಮದಲ್ಲಿ ಮಾಂಸವನ್ನೂ ಹಾಲನ್ನೂ ಒಂದೇ ಅಡುಗೆಮನೆಯಲ್ಲಿ ಬೆರೆಸುವಂತಿಲ್ಲ, ಪಾತ್ರೆಗಳೂ ಬೇರೆಬೇರೆ. ಆದ್ದರಿಂದ ಹಾಲಿನ ಪದಾರ್ಥಗಳನ್ನು ಮಾರುವ ಅವರ ‘ಕೋಶರ್ ಡೈರಿ’ ಅಂಗಡಿಯೊಳಗೆ ಮಾಂಸ ಕಾಲಿಡುವಂತೆಯೇ ಇಲ್ಲ. ಮೀನು, ಮೊಟ್ಟೆಗಳಿರಬಹುದು, ಅಷ್ಟನ್ನು ಕೇಳಿದರೆ ಸಾಕು. ಇನ್ನೊಂದು ಧರ್ಮದ ಕಟ್ಟುನಿಟ್ಟು ನಮ್ಮ ಕಟ್ಟುನಿಟ್ಟಿಗೆ ಕಾವಲಾಗಿ ನಿಲ್ಲುವುದನ್ನು ಕಂಡು ನಮಗೆ ಸಂತೋಷವಾಯಿತು. ಮೊಮ್ಮಗನ ಪೀಟ್ಜಾದ ಆಸೆ ಇಂತಹ ಅಂಗಡಿಗಳಲ್ಲಿ ನಿರ್ವಿಘ್ನವಾಗಿ ತೀರುತ್ತದೆ.

ನಗರದ ದಕ್ಷಿಣಕ್ಕೆ, ಬ್ರೆಂಟ್‌ವುಡ್ ಮತ್ತು ಕ್ಯಾರಿಕ್ ಕಡೆಗಳಲ್ಲಿ ಭೂತಾನದಿಂದ ಹೊರದೂಡಲ್ಪಟ್ಟ ನೇಪಾಳಿ ಭಾಷಿಕರು ನೆಲೆಸಿದ್ದಾರೆ. ನೇಪಾಳದ ಶಿಬಿರಗಳಲ್ಲಿ ದೀರ್ಘಕಾಲ ಕಳೆದ ಈ ಜನ 2008ರಿಂದೀಚೆಗೆ ಅಮೆರಿಕಕ್ಕೆ ಬಂದವರು. ಅವರ ಪುಟ್ಟ ಅಂಗಡಿಗಳಲ್ಲಿ ಆವಿಯಲ್ಲಿ ಬೇಯಿಸಿದ ತರಕಾರಿ ಮೋಮೊ, ಅದರೊಡನೆ ಟೊಮೇಟೊ ಚಟ್ನಿ ಸಿಗುತ್ತವೆ. ಮಾಂಸದ ಮೋಮೊಗಳೂ ಇರುವುದರಿಂದ ಪಾತ್ರೆ ಬೇರೆಯೇ ಎಂದು ಕೇಳಬೇಕು. ನಮ್ಮ ಹಣೆಯ ವಿಭೂತಿಯನ್ನು ಕಂಡು ಅಂಗಡಿಯ ಯಜಮಾನರು ಕೈಮುಗಿದು, ಬೇರೆ ಪಾತ್ರೆಯಲ್ಲಿ ಬೇಯಿಸಿಕೊಟ್ಟರು.

ಅಲೆಘೆನಿ ನದಿಯ ಮಗ್ಗುಲಿಗಿರುವ ಸ್ಟ್ರಿಪ್ ಡಿಸ್ಟ್ರಿಕ್ಟ್ ನಗರದ ಹಳೆಯ ಸಗಟು ಸಂತೆ. ಶನಿವಾರ ಬೆಳಿಗ್ಗೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. 1902ರಿಂದ ನಡೆದುಬಂದ ಇಟಲಿಯವರ ದಿನಸಿ ಅಂಗಡಿಯೊಂದು ಅಲ್ಲಿದೆ. ಸಸ್ಯಮೂಲದ ಹೆಪ್ಪಿನಿಂದ ಮಾಡಿದ ಚೀಸು ಯಾವುದೆಂದು ಇಂತಹ ಅಂಗಡಿಯಲ್ಲಿ ಕೇಳಿ ಕೊಳ್ಳಬಹುದು. ಇದೇ ಬೀದಿಗಳಲ್ಲಿ 1933ರಲ್ಲಿ ಪ್ರಿಮಾಂಟಿ ಸಹೋದರರ ಅಂಗಡಿ ಆರಂಭವಾಯಿತು. ರಾತ್ರಿಯೆಲ್ಲ ಸರಕು ಹೊತ್ತು ತರುವ ಲಾರಿ ಚಾಲಕರಿಗಾಗಿ ರೊಟ್ಟಿಯ ಎರಡು ಹೋಳುಗಳ ನಡುವೆಯೇ ಕರಿದ ಆಲೂಗಡ್ಡೆಯನ್ನೂ ಎಲೆಕೋಸಿನ ಕೋಸಂಬರಿಯನ್ನೂ ಸೇರಿಸಿ, ಒಂದೇ ಕೈಯಲ್ಲಿ ಹಿಡಿದು ತಿನ್ನುವಂತೆ ಕೊಟ್ಟರೆಂದು ಹೇಳುತ್ತಾರೆ. ರೊಟ್ಟಿಯೊಳಗೆ ಪಲ್ಯ ಸುತ್ತಿಕೊಂಡು ಹೊಲದ ಬದುವಿನಲ್ಲಿ ನಿಂತೇ ಉಣ್ಣುವ ನಮ್ಮ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಮಾಂಸವೇ ಪ್ರಧಾನವಾದ್ದರಿಂದ ನಾವು ಉಣ್ಣಲಿಲ್ಲ. ಹೊರಗೆ ನಿಂತು ನೋಡಿ ಕಾಯಕಕ್ಕೆ ತಕ್ಕ ಊಟವೆಂದು ಮೆಚ್ಚಿ ಬಂದೆವು.

ಪಾಶ್ಚಾತ್ಯರಿಗೆ ಜೀವದಯೆಯ ಅರಿವಿಲ್ಲವೆಂದು ಬಗೆಯುವವರು ಈ ನಗರದ ಫ್ರೆಡ್ ರೋಜರ್ಸ್ ಅವರನ್ನು ನೆನೆಯಬೇಕು. ಸಮೀಪದ ಲ್ಯಾಟ್ರೋಬಿನಲ್ಲಿ 1928ರಲ್ಲಿ ಹುಟ್ಟಿ, 1963ರಲ್ಲಿ ಕ್ರೈಸ್ತ ಪಾದ್ರಿಯಾಗಿ ದೀಕ್ಷೆ ಪಡೆದ ಇವರು 1968ರಿಂದ 2001ರವರೆಗೆ ಮಕ್ಕಳಿಗಾಗಿ ದೂರದರ್ಶನ ಕಾರ್ಯಕ್ರಮ ನಡೆಸಿದರು. ತಾಯಿಯುಳ್ಳ ಯಾವ ಪ್ರಾಣಿಯನ್ನೂ ತಿನ್ನಲೊಲ್ಲೆನೆಂಬ ಭಾವದಿಂದ ಸಸ್ಯಾಹಾರಿಯಾಗಿ ಬಾಳಿದ ಅವರು 2003ರಲ್ಲಿ ತೀರಿಕೊಂಡರು. ಇಂಥವರನ್ನು ಭವಿ ಎಂದು ದೂರವಿಡಲು ನಮ್ಮ ನಾಲಗೆ ಏಳದು.

ಕಾಯಕದ ಕೂಲಿ, ಪ್ರಸಾದದ ಮರ್ಯಾದೆ

ಇನ್ನೆರಡು ಮಾತು. ಬಿಲ್ಲಿನಲ್ಲಿ ಊಟದ ಬೆಲೆಯ ಮೇಲೆ ಶೇಕಡ 7ರ ತೆರಿಗೆ ಸೇರುತ್ತದೆ. ಅದರ ಮೇಲೆ ಬಡಿಸಿದವರಿಗೆ ಶೇಕಡ 18ರಿಂದ 20ರಷ್ಟು ಕೊಡುವುದು ವಾಡಿಕೆ. ಮೊದಲ ದಿನ ನಾವು ಇದನ್ನು ಇನಾಮೆಂದು ತಿಳಿದು ಮಗನನ್ನು ತಡೆದೆವು. ಅವನು ವಿವರಿಸಿದ ಮೇಲೆ ನಾಚಿದೆವು. ಪೆನ್ಸಿಲ್ವೇನಿಯಾದಲ್ಲಿ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರಾದರೂ, ಗಿರಾಕಿಗಳಿಂದ ಹಣ ಪಡೆಯುವ ಪರಿಚಾರಕರಿಗೆ ಮಾಲೀಕರು 2.83 ಡಾಲರು ಕೊಟ್ಟರೂ ಕಾನೂನು ಒಪ್ಪುತ್ತದೆ. ಉಳಿದದ್ದು ಉಂಡವರಿಂದಲೇ ಬರಬೇಕು. ಆದ್ದರಿಂದ ಅದು ದಾನವಲ್ಲ, ಕಾಯಕದ ಕೂಲಿ. ಶರಣರ ಮಕ್ಕಳು ಅದನ್ನು ಉಳಿಸಿಕೊಂಡು ಬರುವುದು ಶೋಭೆಯಲ್ಲ.

ಎರಡನೆಯದು, ಅಲ್ಲಿಯ ತಟ್ಟೆಯ ಗಾತ್ರ. ಒಬ್ಬರಿಗೆ ತರುವುದು ಇಬ್ಬರಿಗೆ ಸಾಕಾಗುತ್ತದೆ. ಉಂಡ ತಟ್ಟೆಯನ್ನು ತೊಳೆದು ಕುಡಿಯುವಷ್ಟು ಪ್ರಸಾದವನ್ನು ಗೌರವಿಸುವ ಮಠದಲ್ಲಿ ಬೆಳೆದ ನಮಗೆ ಅದನ್ನು ಚೆಲ್ಲುವುದು ಅಸಹ್ಯ. ಉಳಿದದ್ದನ್ನು ಕಟ್ಟಿಕೊಡಿರೆಂದರೆ ಡಬ್ಬಿಯಲ್ಲಿ ಹಾಕಿ ಕೊಡುತ್ತಾರೆ. ಇದರಲ್ಲಿ ಅವಮಾನವೇನೂ ಇಲ್ಲ, ಎಲ್ಲರೂ ಮಾಡುತ್ತಾರೆ. ಇದೊಂದು ಪದ್ಧತಿಯನ್ನು ನಮ್ಮ ಮದುವೆಮನೆಗಳೂ ಕಲಿತರೆ ಎಷ್ಟು ಅನ್ನ ಉಳಿದೀತು!

ಹೊರಡುವ ಮುಂಚಿನ ವಾರ ಬಸವ ಜಯಂತಿ ಕಳೆದಿತ್ತು. ಮೊಮ್ಮಗ ತಾನೇ ಸ್ಥಳ ಗೊತ್ತುಮಾಡಿ, ಆ ಗೆಳೆಯನ ಮನೆಯವರನ್ನೂ ಕರೆದು ನಮ್ಮನ್ನು ಬ್ಲೂಮ್‌ಫೀಲ್ಡ್ ಬಡಾವಣೆಗೆ ಕರೆದೊಯ್ದನು. ಅಲ್ಲಿ 2016ರಲ್ಲಿ ತೆರೆದ ‘ಆಪ್ತೇಕ’ ಎಂಬ ಊಟದ ಮನೆಯಿದೆ. ಪೋಲಿಷ್ ಭಾಷೆಯಲ್ಲಿ ಆ ಮಾತಿಗೆ ಔಷಧಾಲಯವೆಂದರ್ಥ. ಪೂರ್ವ ಯುರೋಪಿನ ಅಡುಗೆಯನ್ನು ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದೆ ಮಾಡುವುದು ಅವರ ವ್ರತ. ಪಿರೋಗಿ ಬಂದಿತು. ಈ ಸಲ ಹೂರಣವನ್ನು ಬಿಡಿಸಿ ತರಬೇಕಾಗಿರಲಿಲ್ಲ. ಆ ಅಜ್ಜಿ ಒಂದನ್ನು ತಿಂದು, ಹಿಟ್ಟು ಚೆನ್ನಾಗಿದೆ, ಆದರೆ ಅಂಚು ಒತ್ತುವುದರಲ್ಲಿ ತಮ್ಮ ಚರ್ಚಿನವರೇ ಮೇಲೆಂದು ತೀರ್ಪಿತ್ತರು. ನಾವು ಅರ್ಪಿಸಿ ಉಣ್ಣುವವರೆಗೆ ಮೇಜಿನವರೆಲ್ಲ ಕೈಕಟ್ಟಿ ಕಾದರು. ‘ಅಜ್ಜ ಏನು ಮಾಡುತ್ತಿದ್ದಾರೆ?’ ಎಂದು ಗೆಳೆಯ ಪಿಸುಗುಟ್ಟಿದ್ದು ಕೇಳಿಸಿತು. ನಮ್ಮ ಹುಡುಗ ತನ್ನ ಕೊರಳಿನ ಕರಡಿಗೆಯನ್ನು ಹೊರತೆಗೆದು ತೋರಿಸಿ, ಮೆಲ್ಲಗೆ ವಿವರಿಸತೊಡಗಿದನು. ಈ ಸಲ ಅವನು ಸುಳ್ಳು ಹೇಳಲಿಲ್ಲ.

ಬಂಧುಗಳೇ, ಅಂಗಡಿಗಳು ಇಂದು ಇರುತ್ತವೆ, ನಾಳೆ ಮುಚ್ಚುತ್ತವೆ. ಹೋಗುವ ಮುನ್ನ ವಿಚಾರಿಸಿಕೊಳ್ಳಿರಿ. ನಿಮ್ಮ ಮಕ್ಕಳಿರುವ ಊರು ಪಿಟ್ಸ್‌ಬರ್ಗ್ ಆಗಿರಲಿ, ಬೇರೆಯಾಗಿರಲಿ, ಒಳಗೇನಿದೆಯೆಂದು ಕೇಳಿರಿ. ಸಲ್ಲದ್ದನ್ನು ನಿರ್ಭಯವಾಗಿ ಬಿಡಿರಿ. ಸಲ್ಲುವುದನ್ನು ಲಿಂಗಕ್ಕರ್ಪಿಸಿ ಎಲ್ಲರೊಡನೆ ಕುಳಿತು ಉಣ್ಣಿರಿ. ಪಂಕ್ತಿಯಲ್ಲಿ ಹಿರಿಯರು ಖಾಲಿ ಲೋಟದೊಡನೆ ಕುಳಿತರೆ ಮಕ್ಕಳು ಧರ್ಮವನ್ನು ಹೇಗೆ ವಿವರಿಸಿಯಾರು?